ಬೇಟೆಯಿಂದ ಮೃಗರಕ್ಷಣೆ ಸಾಧ್ಯವೆ?

ಚಿಕ್ಕೋಡಿಯಿಂದ ಹೊರಟು ರಾಯಬಾಗದ ಮೇಲೆ ಹಾಯ್ದು, ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ, ಕಾಗವಾಡ, ಅಥಣಿಗಳ ಕಡೆಗೆ ಪಯಣಿಸುವವರಿಗೆ ಇಂದು ದಾರಿಯ ಇಕ್ಕೆಲಗಳಲ್ಲಿಯೂ ಕಾಣುವುದು ಕಬ್ಬು. ನೀರಾವರಿ ಬರುವ ಮುಂಚೆ ಈ ನೋಟ ಹೀಗಿರಲಿಲ್ಲ. ಜೋಳ, ಕಡಲೆ ಬೆಳೆಯುವ ಎರೆಯ ಹೊಲಗಳು, ಅವುಗಳ ನಡುನಡುವೆ ಹುಲ್ಲುಗಾವಲು, ಕಲ್ಲುಮರಡಿ, ಕುರುಚಲು ಜಾಲಿ—ದಖ್ಖನಿನ ಬಯಲುನಾಡೆಲ್ಲ ಇದೇ ಬಗೆಯದಾಗಿತ್ತು. ಇಂಥ ಬಯಲಿಗೆ ಒಡೆಯನಂತಿದ್ದ ಪ್ರಾಣಿ ಚಿಗರೆ. ಗ್ರಂಥಗಳಲ್ಲಿ ಕೃಷ್ಣಮೃಗವೆಂದು ಹೆಸರಾದ ಈ ಪ್ರಾಣಿಯನ್ನು ತೋಳವು ಬೇಟೆಯಾಡುತ್ತಿತ್ತು, ಅರಸರೂ ಬೇಟೆಯಾಡುತ್ತಿದ್ದರು. ಒಕ್ಕಲಿಗನು ಮಾತ್ರ ಅಟ್ಟಣೆಯ ಮೇಲೆ ಕುಳಿತು, ಕವಣೆ ಬೀಸಿ, ರಾತ್ರಿಯೆಲ್ಲ ಅದನ್ನು ಹೊಲದಿಂದ ಓಡಿಸುತ್ತಿದ್ದನು.

ಅರಸನಿಗೆ ವಿನೋದ, ಒಕ್ಕಲಿಗನಿಗೆ ಉಪದ್ರವ, ಶಾಸ್ತ್ರಜ್ಞನಿಗೆ ಉಳಿಸಿಕೊಳ್ಳಬೇಕಾದ ಸಂಪತ್ತು—ಒಂದೇ ಪ್ರಾಣಿಗೆ ಈ ಮೂರು ಮುಖಗಳು ಇರುವುದರಿಂದಲೇ ವನ್ಯಮೃಗಗಳ ರಕ್ಷಣೆಯು ತೊಡಕಿನ ಪ್ರಶ್ನೆಯಾಗಿದೆ. ಈ ಪ್ರಶ್ನೆಯು ಇಂದು ಅತ್ಯಂತ ತೀವ್ರವಾಗಿರುವುದು ಆಫ್ರಿಕದ ಸಿಂಹದ ವಿಷಯದಲ್ಲಿ. ಸಿಂಹಗಳನ್ನು ಉಳಿಸಬೇಕಾದರೆ ಕೆಲವು ಸಿಂಹಗಳನ್ನು ಹಣಕ್ಕೆ ಬೇಟೆಯಾಡಗೊಡಬೇಕು ಎಂದು ಒಂದು ಪಕ್ಷ. ಕೊಂದು ಕಾಪಾಡುವುದೆಂಬ ಮಾತೇ ಅಸಂಗತವೆಂದು ಇನ್ನೊಂದು ಪಕ್ಷ. ಯಾವುದು ಸರಿ? ದೂರದ ಆಫ್ರಿಕಕ್ಕೆ ಹೋಗುವ ಮೊದಲು ನಮ್ಮ ನೆರೆಯಲ್ಲಿಯೇ ನಡೆದುಹೋದ ಸಂಗತಿಗಳನ್ನು ನೋಡೋಣ.

ಸಿವಂಗಿಯ ಬೇಟೆ

ಇಂದಿನ ಐದು ತಾಲೂಕುಗಳು ಹಿಂದೆ ಒಂದೇ ಆಡಳಿತದಲ್ಲಿರಲಿಲ್ಲ. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು; ರಾಯಬಾಗವು ಕೊಲ್ಲಾಪುರ ಸಂಸ್ಥಾನದ್ದಾಗಿತ್ತು. 1949ರಲ್ಲಿ ಆ ಸಂಸ್ಥಾನವು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು.

ಕೊಲ್ಲಾಪುರದ ಅರಸರು ಸಿವಂಗಿಯ ಬೇಟೆಗೆ ಪ್ರಸಿದ್ಧರು. ಸಿವಂಗಿಯೆಂದರೆ ಚಿರತೆಯಲ್ಲ, ಕೃಶಕಾಯ, ನೀಳ ಕಾಲು, ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆಗಳುಳ್ಳ ಬೇರೆಯದೇ ಪ್ರಾಣಿ, ಹಿಂದಿಯಲ್ಲಿ ಚೀತಾ ಎಂದು ಹೆಸರು. ಅದನ್ನು ಪಳಗಿಸಿ ಜಿಂಕೆಗಳ ಮೇಲೆ ಬಿಡುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಅದರ ವರ್ಣನೆಯುಂಟು. ಕೊಲ್ಲಾಪುರದಲ್ಲಿ 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರೂ ಅವರ ತರುವಾಯ 1940ರವರೆಗೆ ಆಳಿದ ರಾಜಾರಾಮ ಮಹಾರಾಜರೂ ಆ ಪದ್ಧತಿಯನ್ನು ಮುಂದುವರಿಸಿದರು.

ಬೇಟೆಯ ಕ್ರಮ ಹೀಗೆ: ಸಿವಂಗಿಯ ಕಣ್ಣಿಗೆ ಚರ್ಮದ ಕುಲಾವಿ ಹಾಕಿ, ಎತ್ತಿನ ಗಾಡಿಯ ಮೇಲೆ ಕೂರಿಸಿ, ಚಿಗರೆಗಳ ಹಿಂಡಿನತ್ತ ನಿಧಾನವಾಗಿ ಸಾಗುವರು. ಹೊಲಗಳಲ್ಲಿ ಗಾಡಿಗಳನ್ನು ದಿನವೂ ನೋಡಿ ಬಳಕೆಯಾದ ಚಿಗರೆಗಳು ಅದಕ್ಕೆ ಬೆದರುವುದಿಲ್ಲ. ಸಾಕಷ್ಟು ಸಮೀಪಕ್ಕೆ ಬಂದಾಗ ಕುಲಾವಿ ತೆಗೆದು ಸಿವಂಗಿಯನ್ನು ಬಿಡುವರು. ಅದು ಗಂಟೆಗೆ ನೂರು ಕಿಲೊಮೀಟರಿಗೆ ಸಮೀಪವಾದ ವೇಗದಿಂದ ಓಡಬಲ್ಲುದು. ಆದರೆ ಆ ಓಟ ಕೆಲವು ನೂರು ಮೀಟರುಗಳಷ್ಟೆ. ಅಷ್ಟರಲ್ಲಿ ಸಿಕ್ಕಿದರೆ ಸಿಕ್ಕಿತು. ಇಲ್ಲವಾದರೆ ಏದುಸಿರು ಬಿಡುತ್ತ ಕುಳಿತುಬಿಡುವುದು.

ಈ ವಿನೋದದ ಹಿಂದೆ ಒಂದು ಲೆಕ್ಕವಿತ್ತು. ಅದನ್ನು ಯಾರೂ ಇಡಲಿಲ್ಲ. ಸಿವಂಗಿಯು ಸೆರೆಯಲ್ಲಿ ಮರಿಹಾಕುವುದು ಬಹಳ ಅಪರೂಪ. ಮೊಗಲ ಬಾದಶಹರು ಶತಕಗಳ ಕಾಲ ಅಸಂಖ್ಯ ಸಿವಂಗಿಗಳನ್ನು ಸಾಕಿದರೂ, ಸೆರೆಯಲ್ಲಿ ಮರಿ ಹುಟ್ಟಿದ ಒಂದೇ ಪ್ರಸಂಗವನ್ನು ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ವಿಸ್ಮಯದಿಂದ ಬರೆದಿಟ್ಟಿದ್ದಾನೆ. ಆ ಬಳಿಕ ಇಂಥ ಜನನವು ದಾಖಲಾದುದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯ ಮೃಗಾಲಯದಲ್ಲಿ. ಎಂದರೆ ಅರಮನೆಯ ಪ್ರತಿಯೊಂದು ಸಿವಂಗಿಯೂ ಕಾಡಿನಿಂದ ಹಿಡಿದು ತಂದದ್ದೇ. ಸತ್ತುದರ ಸ್ಥಾನಕ್ಕೆ ಮತ್ತೊಂದನ್ನು ಕಾಡಿನಿಂದಲೇ ತರಬೇಕು. ಹೋಗುವುದುಂಟು, ಬರುವುದಿಲ್ಲ. 20ನೆಯ ಶತಮಾನದ ಆರಂಭಕ್ಕೆ ಭಾರತದಲ್ಲಿ ಸಿವಂಗಿಗಳು ಎಷ್ಟು ವಿರಳವಾದವೆಂದರೆ, ಕೊಲ್ಲಾಪುರ, ಭಾವನಗರ ಮೊದಲಾದ ಸಂಸ್ಥಾನಗಳು ಅವನ್ನು ಹಡಗಿನ ಮೂಲಕ ಆಫ್ರಿಕದಿಂದ ತರಿಸಿಕೊಳ್ಳಬೇಕಾಯಿತು. 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದಲ್ಲಿ ಮೂರು ಗಂಡು ಸಿವಂಗಿಗಳು ಗುಂಡಿಗೆ ಬಲಿಯಾದವು. 1952ರಲ್ಲಿ ಭಾರತ ಸರಕಾರವು ಈ ಪ್ರಾಣಿಯು ದೇಶದಿಂದ ಅಳಿದುಹೋಯಿತೆಂದು ಸಾರಿತು.

ಉಳಿದ ಕಾಡು, ಹರಿವ ನೀರು

ಅದೇ ಕೊಲ್ಲಾಪುರ ಸಂಸ್ಥಾನದಲ್ಲಿ ಬೇಟೆಯು ಬೇರೊಂದು ಫಲವನ್ನೂ ಕೊಟ್ಟಿತು. ಸಹ್ಯಾದ್ರಿಯ ನೆತ್ತಿಯ ಮೇಲೆ ರಾಧಾನಗರಿ, ದಾಜಿಪುರಗಳ ದಟ್ಟ ಕಾಡನ್ನು ಅರಸರು ತಮ್ಮ ಬೇಟೆಗೆಂದು ಕಾಯ್ದಿರಿಸಿದ್ದರು. ಅಲ್ಲಿ ಕಾಡುಕೋಣಗಳು ಹೇರಳ. ಬೇರೆಯವರಿಗೆ ಅಲ್ಲಿ ಕೊಡಲಿಯೂ ಬಂದೂಕೂ ನಿಷಿದ್ಧ. ಸಂಸ್ಥಾನವು ಹೋದ ಮೇಲೆ, 1958ರಲ್ಲಿ ಆ ಕಾಡನ್ನು ಕಾಡುಕೋಣಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಇಂದಿನ ಮಹಾರಾಷ್ಟ್ರದಲ್ಲಿ ಅದೇ ಮೊದಲನೆಯದು. 1985ರಲ್ಲಿ ಅದನ್ನು ವಿಸ್ತರಿಸಲಾಯಿತು. ಈಗ ಅದರ ಕ್ಷೇತ್ರ ಸುಮಾರು 351 ಚದರ ಕಿಲೊಮೀಟರು.

ಈ ಕಾಡು ನಿಪ್ಪಾಣಿ, ಚಿಕ್ಕೋಡಿಗಳ ಜನರಿಗೆ ಪರಕೀಯವಲ್ಲ. ದೂಧಗಂಗೆಗೆ ಕಟ್ಟಿದ ಕಾಳಮ್ಮವಾಡಿ ಜಲಾಶಯಕ್ಕೆ ನೀರು ಇಳಿದು ಬರುವುದು ಇದೇ ಮಲೆಗಳಿಂದ. ಆ ನದಿಯೇ ಕೆಳಗಿಳಿದು ಗಡಿಯನ್ನು ದಾಟಿ, ಚಿಕ್ಕೋಡಿ ಸೀಮೆಯ ಹೊಲಗಳಿಗೆ ನೀರುಣಿಸಿ, ಕೃಷ್ಣೆಯನ್ನು ಸೇರುತ್ತದೆ. ಅರಸನು ಕೋಣವನ್ನು ಬೇಟೆಯಾಡಲು ಬಯಸಿ ಉಳಿಸಿದ ಕಾಡಿನ ನೀರನ್ನು ಇಂದು ಕಬ್ಬಿನ ಒಕ್ಕಲಿಗನು ಹೊಲಕ್ಕೆ ಹಾಯಿಸುತ್ತಿದ್ದಾನೆ. ನಮ್ಮ ತೆಂಕಣ ಗಡಿಯ ಬಂಡೀಪುರದ ಕಥೆಯೂ ಇಂಥದೇ: ಮೈಸೂರು ಅರಸರ ಬೇಟೆಯ ಕಾಡು ಮುಂದೆ ಅಭಯಾರಣ್ಯವಾಗಿ, 1973ರಲ್ಲಿ ಹುಲಿ ಯೋಜನೆಯ ಮೊದಲ ತಾಣಗಳಲ್ಲಿ ಒಂದಾಯಿತು.

ಹೀಗೆ ಒಂದೇ ಸಂಸ್ಥಾನದಲ್ಲಿ ಬೇಟೆಯು ಒಂದು ಪ್ರಾಣಿಯ ಅಳಿವಿಗೆ ನೆರವಾಯಿತು, ಒಂದು ಕಾಡಿನ ಉಳಿವಿಗೂ ಕಾರಣವಾಯಿತು. ಆದುದರಿಂದ ‘ಬೇಟೆ ಒಳ್ಳೆಯದೆ, ಕೆಟ್ಟದೆ?’ ಎಂದು ಕೇಳಿದರೆ ಉತ್ತರ ದೊರೆಯದು. ‘ಯಾವ ಪ್ರಾಣಿಯನ್ನು, ಎಷ್ಟು, ಯಾವ ವಯಸ್ಸಿನದನ್ನು, ಯಾರ ಲಾಭಕ್ಕಾಗಿ?’ ಎಂದು ಕೇಳಬೇಕು. ಮೊದಲು ‘ಎಷ್ಟು’ ಎಂಬುದನ್ನು ಪರಿಶೀಲಿಸೋಣ.

ಅಸಲು ಮತ್ತು ಬಡ್ಡಿ

ನೂರು ಚಿಗರೆಗಳ ಒಂದು ಹಿಂಡಿದೆಯೆಂದು ಭಾವಿಸೋಣ. ವರ್ಷದಲ್ಲಿ ಹುಟ್ಟಿ ಬದುಕಿ ಬೆಳೆದ ಮರಿಗಳು 20. ತೋಳ, ರೋಗ, ಮುಪ್ಪುಗಳಿಂದ ಸತ್ತವು 12. ವರ್ಷಾಂತ್ಯಕ್ಕೆ ಹಿಂಡಿನಲ್ಲಿ 108 ಪ್ರಾಣಿಗಳಿರುವುವು. ಹೆಚ್ಚಿದ ಎಂಟನ್ನು ಬೇಟೆಯಾಡಿದರೂ ಮೊದಲಿನ ನೂರು ಉಳಿಯುವುವು. ನೂರು ಅಸಲು, ಎಂಟು ಬಡ್ಡಿ. ಬಡ್ಡಿಯನ್ನು ಉಂಡವನಿಗೆ ಅಸಲು ಕರಗದು. ಒಂಬತ್ತನೆಯದಕ್ಕೆ ಕೈಯಿಟ್ಟರೆ ಬಿತ್ತುವ ಬೀಜವನ್ನೇ ಕುಟ್ಟಿ ಉಂಡಂತೆ. ಇದೇ ನಿಯಂತ್ರಿತ ಬೇಟೆಯ ಮೂಲಸೂತ್ರ.

ಇದಕ್ಕೆ ಇನ್ನೊಂದು ಸೂಕ್ಷ್ಮವನ್ನು ಸೇರಿಸಬೇಕು. ಬಯಲಿನಲ್ಲಿ ಮೇವು ಎಷ್ಟಿದೆಯೋ ಅಷ್ಟೇ ಪ್ರಾಣಿಗಳು ಬದುಕಬಲ್ಲವು. ಹಿಂಡು ಆ ಮಿತಿಯನ್ನು ಮುಟ್ಟಿದಾಗ ಮೇವಿಗೆ ಪೈಪೋಟಿ ಹೆಚ್ಚುತ್ತದೆ, ಮರಿಗಳು ಸಾಯುತ್ತವೆ, ಜನನವೂ ಮರಣವೂ ಸಮನಾಗಿ ಬಡ್ಡಿ ಸೊನ್ನೆಯಾಗುತ್ತದೆ. ಹಿಂಡು ತೀರ ಚಿಕ್ಕದಾದರೆ ಈಯುವ ಹೆಣ್ಣುಗಳೇ ಕಡಿಮೆ. ಆಗಲೂ ಬಡ್ಡಿ ಅಲ್ಪ. ಈ ಎರಡು ತುದಿಗಳ ನಡುವೆ, ಮಿತಿಯ ಅರ್ಧದ ಸುಮಾರಿನಲ್ಲಿ, ವೃದ್ಧಿಯು ಅತ್ಯಧಿಕವಾಗಿರುತ್ತದೆಂದು ಗಣಿತವು ತೋರಿಸುತ್ತದೆ. ಮೀನುಗಾರಿಕೆಯಲ್ಲಿಯೂ ಅರಣ್ಯಶಾಸ್ತ್ರದಲ್ಲಿಯೂ ಬಳಸುವುದು ಇದೇ ತತ್ತ್ವವನ್ನು.

ಆದರೆ ಪ್ರಕೃತಿಯು ಸಾಹುಕಾರನ ಕಿರ್ದಿಯಂತೆ ಪ್ರತಿವರ್ಷ ಒಂದೇ ದರದಲ್ಲಿ ಬಡ್ಡಿ ಕೊಡುವುದಿಲ್ಲ. ಮಳೆ ಹೋದ ವರ್ಷ ಬದುಕುವ ಮರಿಗಳು 20ರ ಬದಲು ಹತ್ತೇ ಆಗಬಹುದು. ಸಾವು 12ರ ಬದಲು 18 ಆಗಬಹುದು. ಆ ವರ್ಷವೂ ಎಂಟನ್ನು ಹೊಡೆದರೆ ಹಿಂಡು ಒಮ್ಮೆಲೇ 84ಕ್ಕೆ ಇಳಿಯುವುದು. ಆದುದರಿಂದ ಪ್ರತಿವರ್ಷವೂ ಎಣಿಕೆ ನಡೆಯಬೇಕು. ಎಣಿಕೆಯನ್ನು ನೋಡಿ ಪರವಾನಗಿಗಳ ಸಂಖ್ಯೆಯನ್ನು ಇಳಿಸುವ ಧೈರ್ಯ ಅಧಿಕಾರಿಗಳಿಗೆ ಇರಬೇಕು. ನಮ್ಮಲ್ಲಿ ಕಾನೂನುಗಳು ಇರಲಿಲ್ಲವೆಂದಲ್ಲ. 1951ರ ಮುಂಬಯಿ ಕಾನೂನೂ 1963ರ ಮೈಸೂರು ಕಾನೂನೂ ಪರವಾನಗಿಯ ಮೇಲೆ ಬೇಟೆಗೆ ಅವಕಾಶವಿತ್ತಿದ್ದವು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಸ್ವಾತಂತ್ರ್ಯಾನಂತರ ಜೀಪು ಬಂದಿತು, ರಾತ್ರಿಯ ದೀಪದ ಬೇಟೆ ಬಂದಿತು, ಬೆಳೆಕಾವಲಿನ ಹೆಸರಿನಲ್ಲಿ ಬಂದೂಕುಗಳು ಹೆಚ್ಚಿದವು, ನೇಗಿಲು ಹುಲ್ಲುಗಾವಲನ್ನು ನುಂಗಿತು. ಲೆಕ್ಕವಿಡುವವರಿಲ್ಲದೆ ದೇಶದ ಬಯಲುಗಳಲ್ಲೆಲ್ಲ ಚಿಗರೆ ಕ್ಷೀಣಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅದಕ್ಕೆ ಅತ್ಯುನ್ನತ ರಕ್ಷಣೆಯನ್ನಿತ್ತಿತು. 1974ರಲ್ಲಿ ರಾಣೇಬೆನ್ನೂರಿನಲ್ಲಿ ಅದಕ್ಕೆಂದೇ ಅಭಯಾರಣ್ಯವಾಯಿತು.

ಇದೇ ಚಿಗರೆಯ ಕಥೆ ಸಾಗರದಾಚೆ ಬೇರೆ ತಿರುವು ಪಡೆಯಿತು. 1932ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಬಯಲಿಗೆ ಕೆಲವು ಚಿಗರೆಗಳನ್ನು ಬಿಡಲಾಯಿತು. ಅಲ್ಲಿನ ಭೂಮಾಲಿಕರು ಹಣ ಪಡೆದು ಬೇಟೆಗೆ ಅನುಮತಿ ಕೊಡುತ್ತಾರೆ; ಹಣ ಬರುವುದರಿಂದ ಪ್ರಾಣಿಗಳಿಗೆ ಮೇವುನೆಲವನ್ನು ಬಿಡುತ್ತಾರೆ. 1980ರ ದಶಕದ ಕೊನೆಗೆ ಅವುಗಳ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿತು. ಪಾಕಿಸ್ತಾನದಲ್ಲಿ ಚಿಗರೆಯು ನಿರ್ಮೂಲವಾದಾಗ, 1970ರ ಸುಮಾರಿಗೆ, ಬಹಾವಲ್ಪುರದ ಬಳಿಯ ಲಾಲ್ ಸುಹಾಂರಾ ಉದ್ಯಾನಕ್ಕೆ ಚಿಗರೆಗಳು ಬಂದುದು ಟೆಕ್ಸಸ್ಸಿನಿಂದ! ಬೇಟೆಗಾರನ ಹಣವು ಪ್ರಾಣಿಯನ್ನು ಉಳಿಸಬಲ್ಲದು ಎನ್ನುವವರಿಗೆ ಇದು ಬಲವಾದ ಸಾಕ್ಷ್ಯ. ಆದರೆ ಅದು ಚಿಗರೆ, ಸಿಂಹವಲ್ಲ. ಈ ಭೇದವೇ ನಮ್ಮ ವಿಷಯದ ಮರ್ಮ.

ಒಂದು ಗುಂಡಿಗೆ ಎಷ್ಟು ಸಾವು?

ಚಿಗರೆಯ ಹಿಂಡಿನಲ್ಲಿ ಒಂದು ಕರಿಗಂಡು ಸತ್ತರೆ, ಅದರ ಜಾಗಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ. ಹಿಂದಿನ ಗಂಡಿಗೆ ಹುಟ್ಟಿದ ಮರಿಗಳಿಗೆ ಅದರಿಂದ ಬಾಧೆಯಿಲ್ಲ. ಸಿಂಹಗಳ ಸಂಸಾರ ಹಾಗಲ್ಲ. ಪರಸ್ಪರ ಸಂಬಂಧಿಗಳಾದ ಕೆಲವು ಹೆಣ್ಣುಗಳೂ ಅವುಗಳ ಮರಿಗಳೂ ಒಂದು ಗುಂಪು. ಎರಡೋ ಮೂರೋ ಗಂಡುಗಳು ಕೂಟ ಕಟ್ಟಿಕೊಂಡು ಆ ಗುಂಪನ್ನು ಹೊರಗಿನ ಗಂಡುಗಳಿಂದ ಕಾಯುತ್ತವೆ. ಈ ಒಡೆತನ ಸಾಮಾನ್ಯವಾಗಿ ಎರಡು ಮೂರು ವರ್ಷಗಳದು. ಬಳಿಕ ಬಲಿಷ್ಠವಾದ ಇನ್ನೊಂದು ಕೂಟ ಬಂದು ಹಳೆಯವನ್ನು ಓಡಿಸುತ್ತದೆ.

ಹೊಸ ಗಂಡುಗಳು ಮಾಡುವ ಮೊದಲನೆಯ ಕೆಲಸ ಘೋರವಾದುದು: ಗುಂಪಿನ ಎಳೆಯ ಮರಿಗಳನ್ನು ಕೊಲ್ಲುತ್ತವೆ, ಬೆಳೆಯುತ್ತಿರುವ ಮರಿಗಳನ್ನು ಅಟ್ಟಿಬಿಡುತ್ತವೆ. ಮರಿಗಳು ಸುಮಾರು ಎರಡು ವರ್ಷ ತಾಯಿಯನ್ನು ಆಶ್ರಯಿಸಿರುತ್ತವೆ. ಅಲ್ಲಿಯವರೆಗೆ ತಾಯಿ ಮತ್ತೆ ಗರ್ಭ ಧರಿಸುವುದಿಲ್ಲ. ಮರಿ ಸತ್ತರೆ ಅದು ಬೇಗನೆ ಬೆದೆಗೆ ಬರುತ್ತದೆ. ಹೊಸ ಗಂಡಿನ ಸಂತಾನ ಹುಟ್ಟುತ್ತದೆ. ಇದು ಕ್ರೌರ್ಯವೆಂದು ನಮಗೆ ತೋರಿದರೂ ಪ್ರಕೃತಿಯಲ್ಲಿ ತನ್ನ ಪೀಳಿಗೆಯನ್ನು ಬೆಳೆಸುವ ಒಂದು ಮಾರ್ಗ.

ಈಗ ಒಂದು ಕಾಲ್ಪನಿಕ ಉದಾಹರಣೆ. ಎರಡು ಗಂಡು, ಐದು ಹೆಣ್ಣು, ಎಂಟು ಮರಿಗಳುಳ್ಳ ಗುಂಪಿನಿಂದ, ಕೇಸರವು ದಟ್ಟವಾಗಿದೆಯೆಂದು ಬೇಟೆಗಾರನು ಒಂದು ಗಂಡನ್ನು ಹೊಡೆದನು. ಉಳಿದ ಒಂಟಿ ಗಂಡು ಗುಂಪನ್ನು ಕಾಯಲಾರದು. ಹೊರಗಿನ ಮೂರು ಗಂಡುಗಳು ಬಂದವು. ಎಂಟು ಮರಿಗಳೂ ಹೋದವು. ಸರಕಾರದ ದಫ್ತರದಲ್ಲಿ ಒಂದು ಸಿಂಹವೆಂದು ಬರೆದರು. ಕಾಡಿನ ಲೆಕ್ಕದಲ್ಲಿ ಹೋದವು ಒಂಬತ್ತು. ಇಂಥ ಲೆಕ್ಕಕ್ಕೆ ‘ಬಡ್ಡಿ–ಅಸಲು’ ಸೂತ್ರವು ಹಾಗೆಯೇ ಅನ್ವಯಿಸದು.

ಹಾಗಾದರೆ ಸಿಂಹವನ್ನು ಬೇಟೆಯಾಡಿಯೂ ಹಾನಿಯಾಗದಂತೆ ನೋಡಿಕೊಳ್ಳಲು ಉಪಾಯವಿಲ್ಲವೆ? ಟಾಂಜಾನಿಯದ ಸಿಂಹಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಕ್ರೇಗ್ ಪ್ಯಾಕರ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಒಂದು ಉತ್ತರವನ್ನು ಮುಂದಿಟ್ಟರು. ಐದಾರು ವರ್ಷ ದಾಟಿದ ಗಂಡು ಒಂದು ತಂಡ ಮರಿಗಳನ್ನಾದರೂ ಬೆಳೆಸಿ ಮುಗಿಸಿರುವ ಸಂಭವ ಹೆಚ್ಚು. ಅಂಥ ಹಿರಿಯ ಗಂಡುಗಳನ್ನು ಮಾತ್ರ ಬೇಟೆಯಾಡಿದರೆ ಸಂಕುಲಕ್ಕೆ ಹೆಚ್ಚಿನ ಹಾನಿಯಿಲ್ಲವೆಂದು ಅವರ ಗಣಕಯಂತ್ರದ ಲೆಕ್ಕವು ತೋರಿಸಿತು. ಆದರೆ ದೂರದಿಂದ ವಯಸ್ಸನ್ನು ತಿಳಿಯುವುದು ಹೇಗೆ? ಸಿಂಹದ ಮೂಗಿನ ತುದಿಯನ್ನು ನೋಡಬೇಕು! ಎಳೆಯ ಸಿಂಹದ ಮೂಗು ನಸುಗೆಂಪು. ವಯಸ್ಸಾದಂತೆ ಅದರಲ್ಲಿ ಕರಿಯ ಚುಕ್ಕೆಗಳು ಮೂಡಿ ಹರಡುತ್ತವೆ. ಅರ್ಧಕ್ಕಿಂತ ಹೆಚ್ಚು ಕಪ್ಪಾಗಿದ್ದರೆ ಅದು ಐದು ವರ್ಷ ಮೀರಿದ್ದೆಂದು ಸ್ಥೂಲವಾಗಿ ಹೇಳಬಹುದು. ಮೊಜಾಂಬಿಕಿನ ನಿಯಾಸ್ಸ ಪ್ರದೇಶದಲ್ಲಿ ಆರು ವರ್ಷದ ನಿಯಮವನ್ನು ಆಚರಣೆಗೆ ತಂದು, ಎಳೆಯ ಸಿಂಹವನ್ನು ಹೊಡೆದವರಿಗೆ ಮುಂದಿನ ವರ್ಷದ ಪಾಲನ್ನು ಕಡಿತ ಮಾಡುವ ಏರ್ಪಾಡು ಮಾಡಿದರು.

ಆಫ್ರಿಕ ಕಲಿಸಿದ ಪಾಠ

ಉಪಾಯವು ಗ್ರಂಥದಲ್ಲಿರುವುದು ಬೇರೆ, ನೆಲದ ಮೇಲೆ ನಡೆಯುವುದು ಬೇರೆ. ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 62 ಸಿಂಹಗಳಿಗೆ ಗುರುತು ಹಾಕಿ ಅವುಗಳ ಬಾಳನ್ನು ಹಿಂಬಾಲಿಸಿದರು. 2007ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಅವುಗಳಲ್ಲಿ 34 ಸತ್ತವು. ಅವುಗಳ ಪೈಕಿ 24 ಬೇಟೆಗಾರರ ಗುಂಡಿಗೆ ಬಲಿಯಾದವು. ಉದ್ಯಾನದೊಳಗೆ ಬೇಟೆ ನಿಷಿದ್ಧ. ಆದರೆ ಗಡಿಯ ಹೊರಗೆ ಗಂಡು ಸಿಂಹವು ಸತ್ತಾಗ ಒಳಗಿನ ಗಂಡು ಆ ತೆರಪಿಗೆ ಬರುತ್ತದೆ, ಅದೂ ಗುಂಡಿಗೆ ಸಿಕ್ಕುತ್ತದೆ. ಗಡಿಯ ಬೇಟೆ ಹೀಗೆ ಉದ್ಯಾನದ ಒಡಲನ್ನೇ ಬಸಿಯುತ್ತಿತ್ತು. 2015ರಲ್ಲಿ ಜಗತ್ತಿನಾದ್ಯಂತ ಕೋಲಾಹಲವೆಬ್ಬಿಸಿದ ಸೆಸಿಲ್ ಎಂಬ ಸಿಂಹದ ಸಾವೂ ಹ್ವಾಂಗೆಯ ಗಡಿಯ ಹೊರಗೇ ಸಂಭವಿಸಿತು.

ಟಾಂಜಾನಿಯದಲ್ಲಿ ಸಿಂಹಗಳು ಅತ್ಯಧಿಕವಾಗಿ ಕಡಿಮೆಯಾದುದು ಅತ್ಯಧಿಕ ಬೇಟೆ ನಡೆದ ಪ್ರದೇಶಗಳಲ್ಲಿಯೇ ಎಂದು 2011ರ ಅಧ್ಯಯನವೊಂದು ಕಂಡುಕೊಂಡಿತು. ಸೆಲೂ ಅರಣ್ಯವನ್ನು ಬಿಟ್ಟು ಉಳಿದೆಡೆ ಎರಡು ಸಾವಿರ ಚದರ ಕಿಲೊಮೀಟರಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಿಂಹವನ್ನು ಹೊಡೆಯಕೂಡದೆಂದು ಅದು ಸೂಚಿಸಿತು. ಎರಡು ಸಾವಿರ ಚದರ ಕಿಲೊಮೀಟರು ಎಂದರೆ ನಮ್ಮ ಒಂದು ದೊಡ್ಡ ತಾಲೂಕಿಗಿಂತಲೂ ವಿಶಾಲವಾದ ನೆಲ. ಅಷ್ಟು ನೆಲಕ್ಕೆ ಒಂದೇ ಸಿಂಹ!

ಇಷ್ಟನ್ನು ಓದಿ, ‘ಹಾಗಾದರೆ ಬೇಟೆಯನ್ನು ಒಮ್ಮೆಲೇ ನಿಲ್ಲಿಸಿದರಾಯಿತು’ ಎಂದು ತರುಣ ವಾಚಕರು ಹೇಳಬಹುದು. ಅಲ್ಲಿಯೂ ಅವಸರ ಕೂಡದು. ಕೀನ್ಯ ದೇಶವು 1977ರಲ್ಲಿಯೇ ಬೇಟೆಯನ್ನು ನಿಷೇಧಿಸಿತು. ಆದರೆ 1977ರಿಂದ 2016ರವರೆಗಿನ ಅವಧಿಯಲ್ಲಿ ಅಲ್ಲಿಯ ಮೇವುನಾಡುಗಳ ದೊಡ್ಡ ಕಾಡುಪ್ರಾಣಿಗಳು ಸರಾಸರಿ ಶೇಕಡ 68ರಷ್ಟು ಕಡಿಮೆಯಾದುವೆಂದು ಗಣತಿಯಿಂದ ತಿಳಿದುಬಂದಿದೆ. ನಿಷೇಧವೇ ಅದಕ್ಕೆ ಕಾರಣವೆನ್ನುವಂತಿಲ್ಲ. ಜನಸಂಖ್ಯೆ, ದನಕುರಿಗಳು, ಬೇಲಿಗಳು, ಕಳ್ಳಬೇಟೆ ಎಲ್ಲವೂ ಹೆಚ್ಚಿದವು. ಆದರೆ ನಿಷೇಧವೊಂದರಿಂದಲೇ ಕಾಡು ಉಳಿಯುವುದಿಲ್ಲವೆಂಬುದಂತೂ ಸ್ಪಷ್ಟ.

ವಾಸ್ತವದಲ್ಲಿ ಆಫ್ರಿಕದ ಸಿಂಹದ ದೊಡ್ಡ ಶತ್ರು ಹಣ ತೆತ್ತು ಬರುವ ಬೇಟೆಗಾರನಲ್ಲ. ಕಾಡು ಹೊಲವಾಗುವುದು, ಸಿಂಹಕ್ಕೆ ಆಹಾರವಾದ ಮೃಗಗಳನ್ನು ಮಾಂಸಕ್ಕಾಗಿ ಉರುಲು ಹಾಕಿ ಹಿಡಿಯುವುದು, ದನವನ್ನು ಕಳೆದುಕೊಂಡವರು ಸೇಡಿಗಾಗಿ ವಿಷವಿಡುವುದು—ಇವೇ ಮುಖ್ಯ ಕಾರಣಗಳು. 1993ರಿಂದ 2014ರವರೆಗೆ ಸಿಂಹಗಳ ಸಂಖ್ಯೆ ಸುಮಾರು ಶೇಕಡ 43ರಷ್ಟು ಕುಗ್ಗಿತೆಂದು ಅಂದಾಜು. ಇಂದು ಇಡೀ ಆಫ್ರಿಕದಲ್ಲಿ ಉಳಿದಿರುವುವು ಇಪ್ಪತ್ತು–ಇಪ್ಪತ್ತೈದು ಸಾವಿರ. ಬೇಟೆಯ ಪರವಾದವರ ಮುಖ್ಯ ವಾದವು ಇಲ್ಲಿಯೇ ಹುಟ್ಟುತ್ತದೆ. ಸಹಾರದ ದಕ್ಷಿಣಕ್ಕೆ ಬೇಟೆಗೆಂದು ಕಾಯ್ದಿಟ್ಟ ನೆಲವು 2007ರ ಅಂದಾಜಿನಂತೆ ಸುಮಾರು 14 ಲಕ್ಷ ಚದರ ಕಿಲೊಮೀಟರು. ರಾಷ್ಟ್ರೀಯ ಉದ್ಯಾನಗಳಿಗಿಂತಲೂ ಇದು ಹೆಚ್ಚು. ಇದರಲ್ಲಿ ಬಹುಭಾಗವು ನೀರಿಲ್ಲದ, ನೊಣದ ಕಾಟದ, ಪ್ರವಾಸಿಗಳು ಬಾರದ ನೆಲ. ಬೇಟೆಯ ಹಣ ನಿಂತರೆ ನಾಳೆ ಅಲ್ಲಿಗೆ ದನಗಳೂ ನೇಗಿಲೂ ಬರುವುವು. ಆಗ ಒಂದು ಸಿಂಹವಲ್ಲ, ಎಲ್ಲ ಸಿಂಹಗಳೂ ಹೋಗುವುವು ಎಂದು ಅವರ ಎಚ್ಚರಿಕೆ. ಕೊಲ್ಲಾಪುರದ ಅರಸರ ದಾಜಿಪುರ ಕಾಡನ್ನು ನೆನೆದರೆ ಈ ವಾದವನ್ನು ತಳ್ಳಿಹಾಕಲಾಗುವುದಿಲ್ಲ.

ಆದರೆ ಹಣವು ಯಾರ ಕೈ ಸೇರುತ್ತದೆ? ಜಿಂಬಾಬ್ವೆಯಲ್ಲಿ 1980ರ ದಶಕದ ಕೊನೆಗೆ ಆರಂಭವಾದ ಕ್ಯಾಂಪ್‌ಫೈರ್ ಯೋಜನೆಯ ಉದ್ದೇಶ ಆನೆ ತುಳಿದ ಹೊಲದವನಿಗೆ, ಸಿಂಹ ದನವನ್ನು ಒಯ್ದವನಿಗೆ ಬೇಟೆಯ ಆದಾಯದಲ್ಲಿ ಪಾಲು ಕೊಡುವುದೇ ಆಗಿತ್ತು. ನಮೀಬಿಯದಲ್ಲಿ 1996ರ ಕಾನೂನಿನಂತೆ ಹಳ್ಳಿಗರೇ ಸಂಘ ಕಟ್ಟಿ ಕಾಡುಪ್ರಾಣಿಗಳ ಮೇಲ್ವಿಚಾರಣೆ ಮಾಡುತ್ತಾರೆ. ಪಾಲು ನಿಜವಾಗಿ ಮುಟ್ಟಿದಲ್ಲಿ ಹಳ್ಳಿಗರು ಕಾವಲುಗಾರರಾಗುತ್ತಾರೆ. ಮಧ್ಯವರ್ತಿಗಳೂ ಅಧಿಕಾರಿಗಳೂ ನುಂಗಿದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಗಿರ್ ಕಾಡಿನ ದಾರಿ

ಬೇಟೆಯಿಲ್ಲದೆಯೂ ಸಿಂಹವನ್ನು ಉಳಿಸಿದ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಏಷ್ಯದ ಸಿಂಹಗಳು 20ನೆಯ ಶತಮಾನದ ಆರಂಭಕ್ಕೆ ಜುನಾಗಡದ ಗಿರ್ ಕಾಡಿನಲ್ಲಿ ಮಾತ್ರ ಉಳಿದಿದ್ದವು. ಅಲ್ಲಿಯ ನವಾಬರು ಅವುಗಳಿಗೆ ರಕ್ಷಣೆಯಿತ್ತರು. 1968ರ ಗಣತಿಯಲ್ಲಿ 177 ಇದ್ದ ಅವು 2025ರ ಗಣತಿಯಲ್ಲಿ 891 ಆದುವು. ಇದಕ್ಕೆ ಬೇಟೆಗಾರನ ಹಣ ಬೇಕಾಗಲಿಲ್ಲ. ಆದರೆ ಹಣವೇ ಬೇಕಾಗಲಿಲ್ಲವೆಂದು ತಿಳಿಯಬಾರದು. ಸತ್ತ ದನಗಳಿಗೆ ಸರಕಾರವು ಪರಿಹಾರ ಕೊಡುತ್ತದೆ; ಕಾವಲಿಗೆ, ತೆರೆದ ಬಾವಿಗಳಿಗೆ ಕಟ್ಟೆ ಕಟ್ಟಿಸಲು ವೆಚ್ಚ ಮಾಡುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮಾಲಧಾರಿ ಪಶುಪಾಲಕರೂ ಸುತ್ತಲಿನ ಹಳ್ಳಿಗರೂ ಸಿಂಹದ ನೆರೆಹೊರೆಯನ್ನು ಸಹಿಸಿದ್ದಾರೆ. ಗಿರ್‌ನಲ್ಲಿ ಬೆಲೆಯನ್ನು ತೆರುವವರು ದೇಶದ ಎಲ್ಲ ತೆರಿಗೆದಾರರು. ಆಫ್ರಿಕದ ಅನೇಕ ಬಡರಾಷ್ಟ್ರಗಳಲ್ಲಿ ಅಷ್ಟು ತೆರಿಗೆಯ ಹಣವಿಲ್ಲದುದರಿಂದ ಅವರು ಬೇಟೆಗಾರನತ್ತ ಕೈಚಾಚುತ್ತಾರೆ. ಭೇದವಿರುವುದು ಇಲ್ಲಿ.

ಮರಳಿ ಕೃಷ್ಣಾತೀರಕ್ಕೆ

1991ರ ತಿದ್ದುಪಡಿಯು ಭಾರತದಲ್ಲಿ ಪರವಾನಗಿಯ ಬೇಟೆಯನ್ನು ಕೊನೆಗೊಳಿಸಿತು. ಆದರೂ ಕಾನೂನು ಒಂದು ಬಾಗಿಲನ್ನು ತೆರೆದಿರಿಸಿದೆ: ಮನುಷ್ಯರ ಜೀವಕ್ಕೆ, ಮತ್ತು ಕೆಲವು ಪ್ರಾಣಿಗಳ ವಿಷಯದಲ್ಲಿ ನಿಂತ ಬೆಳೆಗೆ, ಅಪಾಯವೊಡ್ಡುವ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಲಿಖಿತ ಅಪ್ಪಣೆ ಕೊಡಬಹುದು. ಒಂದು ಪ್ರಾಣಿಯನ್ನು ಗೊತ್ತಾದ ಪ್ರದೇಶದಲ್ಲಿ, ಗೊತ್ತಾದ ಅವಧಿಗೆ, ಪೀಡಕವೆಂದು ಕೇಂದ್ರ ಸರಕಾರವು ಸಾರಲೂಬಹುದು; 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿಯನ್ನು ಹಾಗೆ ಸಾರಿತ್ತು. ಕಬ್ಬಿನ ನಾಡಿನಲ್ಲಿ ಈ ಮಾತು ಬರಿಯ ಪುಸ್ತಕದ್ದಲ್ಲ. ಆಳೆತ್ತರದ ಕಬ್ಬು ಕಾಡುಹಂದಿಗೆ ಒಳ್ಳೆಯ ಆಸರೆ. ಒಂದು ರಾತ್ರಿ ಹೊಕ್ಕ ಹಂದಿಗಳ ಗುಂಪು ವರ್ಷದ ದುಡಿಮೆಯನ್ನು ಉರುಳಿಸಿಹೋದಾಗ, ಆ ಒಕ್ಕಲಿಗನಿಗೆ ಮೃಗರಕ್ಷಣೆಯ ಉಪದೇಶ ಮಾಡುವುದು ಸುಲಭವಲ್ಲ. ಅವನ ನಷ್ಟವನ್ನು ತುಂಬದೆ ಕಾನೂನು ಮಾತ್ರ ನಿಂತರೆ, ಅವನು ಕದ್ದು ಉರುಲು ಹಾಕುವನು; ಆ ಉರುಲು ಹಂದಿಯನ್ನಷ್ಟೇ ಆರಿಸಿ ಹಿಡಿಯುವುದಿಲ್ಲ, ಚಿರತೆಯೂ ತೋಳವೂ ಅದಕ್ಕೆ ಸಿಕ್ಕುವುವು. ಅಪ್ಪಣೆ ಕೊಟ್ಟರೂ ಅದೇ ನಿಯಮಗಳು: ಎಣಿಸದೆ ಹೊಡೆಯಬಾರದು, ಹೊಡೆದುದನ್ನು ಬರೆಯದೆ ಇರಬಾರದು, ಫಲವನ್ನು ಮರುವರ್ಷ ಪರೀಕ್ಷಿಸದೆ ಮುಂದುವರಿಯಬಾರದು.

2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ ಎಂಟು ಸಿವಂಗಿಗಳು ಮಧ್ಯಪ್ರದೇಶದ ಕುನೊ ಉದ್ಯಾನಕ್ಕೆ ಬಂದುವು. 2023ರಲ್ಲಿ ದಕ್ಷಿಣ ಆಫ್ರಿಕದಿಂದ ಇನ್ನೂ ಹನ್ನೆರಡು. ಒಂದು ಕಾಲಕ್ಕೆ ಚಿಗರೆಯನ್ನು ಬೇಟೆಯಾಡಲು ಆಫ್ರಿಕದಿಂದ ಸಿವಂಗಿಯನ್ನು ತರಿಸಿದ ನಾಡು, ಕಳೆದುಕೊಂಡ ಸಿವಂಗಿಗಾಗಿ ಅದೇ ಆಫ್ರಿಕದ ಬಾಗಿಲನ್ನು ತಟ್ಟಬೇಕಾಯಿತು. ಅಳಿದುದನ್ನು ಮರಳಿ ತರುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದು ಎಷ್ಟೋ ಅಗ್ಗವೆಂಬುದನ್ನು ಆ ಯೋಜನೆಯ ವೆಚ್ಚವೇ ಹೇಳುತ್ತದೆ.

ಹಾಗಾದರೆ ಬೇಟೆಯಿಂದ ಮೃಗರಕ್ಷಣೆ ಸಾಧ್ಯವೆ? ಎಣಿಕೆ ಪ್ರಾಮಾಣಿಕವಾಗಿದ್ದು, ಪ್ರಾಣಿಯ ಕುಟುಂಬರಚನೆಯನ್ನು ಅರಿತು ವಯಸ್ಸಿನ ಕಟ್ಟಳೆಯಿಟ್ಟು, ಹಣವು ನಷ್ಟಪಟ್ಟವನ ಕೈಗೇ ಮುಟ್ಟಿದಲ್ಲಿ, ಕೆಲವೆಡೆ ಸಾಧ್ಯ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ರಕ್ಷಣೆಯ ಹೆಸರಿನ ಕೊಲೆಯಾಗುತ್ತದೆ. ಬೇಟೆಯನ್ನು ನಿಷೇಧಿಸಿದ ನಮ್ಮಂಥ ದೇಶಕ್ಕೂ ಈ ಮೂರು ನಿಯಮಗಳಿಂದ ಬಿಡುಗಡೆಯಿಲ್ಲ. ನಾವೂ ಎಣಿಸಬೇಕು, ಅರಿಯಬೇಕು, ತೆರಬೇಕು. ಅಥಣಿ, ರಾಯಬಾಗಗಳ ಶಾಲಾಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಮರಡಿಯಲ್ಲಿ, ಹಳ್ಳದ ದಂಡೆಯಲ್ಲಿ ಯಾವ ಪ್ರಾಣಿಯನ್ನು ಎಂದು ಎಲ್ಲಿ ಕಂಡೆವೆಂದು ಒಂದು ವಹಿಯಲ್ಲಿ ಬರೆದಿಡಲು ಆರಂಭಿಸಿದರೆ, ಹತ್ತು ವರ್ಷಗಳ ಬಳಿಕ ಅದೊಂದು ಅಮೂಲ್ಯ ದಾಖಲೆಯಾಗುವುದು. ಸಿವಂಗಿಯ ಲೆಕ್ಕವನ್ನು ಯಾರೂ ಇಡಲಿಲ್ಲ. ತೋಳದ ಲೆಕ್ಕವನ್ನೂ ಚಿಗರೆಯ ಲೆಕ್ಕವನ್ನೂ ಇಡುವ ಕಾಲ ಇನ್ನೂ ಮಿಂಚಿಲ್ಲ.